ನೆರಳು ಯಾರ ಪಾಲಿಗೆ?

2025ನೆಯ ಇಸವಿಯ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಏಳು ಜಿಲ್ಲೆಗಳಲ್ಲೂ, ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲೂ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರ ವರೆಗೆ ಎಂದು ಮಾರ್ಪಡಿಸಲಾಯಿತು. ಬೇಸಿಗೆ ಬಂತೆಂದರೆ ಇಂಥ ಆದೇಶ ಹೊರಡುವುದು ನಮ್ಮ ಕಡೆಯ ಜನಕ್ಕೆ ಹೊಸದಲ್ಲ. ರಾಯಚೂರಿನ ಬಿಸಿಲನ್ನು ಒಮ್ಮೆಯಾದರೂ ತಲೆಯ ಮೇಲೆ ಹೊತ್ತವರು ಅದನ್ನು ತಪ್ಪೆನ್ನಲಾರರು. ಗುಮಾಸ್ತನೂ ದುಡಿದು ತಿನ್ನುವವನೇ. ಅವನು ಹೊತ್ತಿಗೆ ಮುಂಚೆ ಮನೆ ಸೇರಿದರೆ ನಮಗೇನೂ ಹೊಟ್ಟೆಯುರಿಯಿಲ್ಲ. ಆದರೆ ಆ ಆದೇಶಕ್ಕೆ ಸಹಿ ಬಿದ್ದ ಗಳಿಗೆಯಲ್ಲಿ ಸರಕಾರವು ಒಂದು ಮಾತನ್ನು ಒಪ್ಪಿಕೊಂಡಂತಾಯಿತು: ಈ ಸೀಮೆಯ ನಡುಹಗಲ ಬಿಸಿಲು ಮನುಷ್ಯನ ಮೈಗೆ ಕೇಡು. ಸೂರಿನ ಕೆಳಗೆ, ಫ್ಯಾನಿನ ಗಾಳಿಯಲ್ಲಿ ಕುಳಿತು ಕಾಗದ ಬರೆಯುವವನಿಗೇ ಅದು ಕೇಡಾದರೆ, ರಾಜೇಂದ್ರ ಗಂಜಿನಲ್ಲಿ ಲಾರಿಯಿಂದ ಚೀಲ ಇಳಿಸುವ ಹಮಾಲನಿಗೆ, ಅಕ್ಕಿ ಗಿರಣಿಯ ಸಿಮೆಂಟಿನ ಕಣದಲ್ಲಿ ಕುದಿಸಿದ ಭತ್ತವನ್ನು ತಿರುವಿ ಹಾಕುವ ಹೆಣ್ಣುಮಗಳಿಗೆ, ತೀನ್ ಕಂದೀಲಿನ ಹತ್ತಿರ ಕೈಗಾಡಿಯ ಮೇಲೆ ಬಾಳೆಹಣ್ಣು ಇಟ್ಟುಕೊಂಡು ನಿಂತವನಿಗೆ ಅದು ಏನು, ಹಾಲೂಟವೇ?

ಬಿಸಿಲು ಎಂದೊಡನೆ ನಾವೆಲ್ಲ ನೆನೆಯುವುದು ಕಾವನ್ನು. ಬಾಯಾರಿಕೆ, ತಲೆಸುತ್ತು, ಉರಿಮೂತ್ರ, ಕೊನೆಗೆ ಬಿಸಿಲು ಬಡಿದು ಬೀಳುವುದು. ಕಾವಿಗೆ ಒಂದು ಗುಣವುಂಟು, ಅದು ಹೇಳಿ ಹೊಡೆಯುತ್ತದೆ. ಮೈ ತಾನಾಗಿಯೇ ನೆರಳು ಹುಡುಕುತ್ತದೆ. ಬಿಸಿಲಿನ ಇನ್ನೊಂದು ಪಾಲು ಹೇಳದೆ ಹೊಡೆಯುವಂಥದು. ಅತಿನೇರಳೆ ಕಿರಣ ಎಂದು ಅದಕ್ಕೆ ಹೆಸರು. ಕಣ್ಣಿಗೆ ಕಾಣದು, ಮೈಗೆ ಬಿಸಿಯೆಂದೂ ತೋರದು. ಅದರಲ್ಲಿ ಮೂರು ಜಾತಿ. ಎಲ್ಲಕ್ಕಿಂತ ಕ್ರೂರವಾದುದನ್ನು ಆಕಾಶದ ಓಝೋನ್ ಪದರವೇ ತಡೆದುಬಿಡುತ್ತದೆ. ಎರಡನೆಯದು, ‘ಬಿ’ ಎಂಬುದು, ಬಹುಪಾಲು ಅಲ್ಲಿಯೇ ಸೋಸಿಹೋಗಿ ಸ್ವಲ್ಪ ಮಾತ್ರ ಕೆಳಗಿಳಿಯುತ್ತದೆ. ಚರ್ಮ ಸುಡುವುದರಲ್ಲಿಯೂ ಕಣ್ಣಿಗೆ ಪೊರೆ ತರುವುದರಲ್ಲಿಯೂ ಈ ಸ್ವಲ್ಪದ್ದೇ ದೊಡ್ಡ ಕೈ. ನೆಲ ಮುಟ್ಟುವ ಅತಿನೇರಳೆಯಲ್ಲಿ ನೂರಕ್ಕೆ 95 ಪಾಲು ಮೂರನೆಯದಾದ ‘ಎ’ ಜಾತಿಯದು. ಅದು ಚರ್ಮದ ಆಳಕ್ಕಿಳಿದು ನಲವತ್ತರ ಹೆಂಗಸಿಗೆ ಅರವತ್ತರ ಮುಖ ಕೊಡುತ್ತದೆ.

ಕಾವು ಹೆಚ್ಚಿದಾಗಲೇ ಈ ಕಿರಣವೂ ಹೆಚ್ಚು ಎಂದು ತಿಳಿಯುವುದು ತಪ್ಪು. ಅದು ಸೂರ್ಯ ಎಷ್ಟು ಮೇಲೆ ಏರಿದ್ದಾನೆ ಎಂಬುದನ್ನು ಅನುಸರಿಸುತ್ತದೆ. ನಮ್ಮ ರಾಯಚೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ 16 ಡಿಗ್ರಿ ಚಿಲ್ಲರೆ ದೂರ. ಆದಕಾರಣ ವರ್ಷಕ್ಕೆ ಎರಡು ಸಲ, ಮೇ ತಿಂಗಳ ಮೊದಲ ವಾರದಲ್ಲಿ ಮತ್ತು ಆಗಸ್ಟ್ ಮೊದಲ ವಾರ ಮುಗಿಯುವ ಹೊತ್ತಿಗೆ, ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಹನ್ನೆರಡೂಕಾಲರ ಆಸುಪಾಸಿನಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಮೇ ತಿಂಗಳಲ್ಲಿ ನಾವು ಹೆದರಿ ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತೇವೆ. ಆಗಸ್ಟಿನಲ್ಲಿ ತಂಪು ಗಾಳಿ, ತೆಳು ಮೋಡ, ಯಾರೂ ಗಮನಿಸುವುದಿಲ್ಲ. ಆದರೆ ತೆಳು ಮೋಡದೊಳಗಿಂದ ಈ ಕಿರಣದ ಬಹುಪಾಲು ಸಲೀಸಾಗಿ ಇಳಿದುಬರುತ್ತದೆ. ದಿನದ ಒಟ್ಟು ಅತಿನೇರಳೆಯಲ್ಲಿ ನೂರಕ್ಕೆ 60ರಷ್ಟು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ ಬೀಳುತ್ತದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕ. ಅದೇ ಸಂಸ್ಥೆಯು ಕಿರಣದ ತೀವ್ರತೆಗೆ ಒಂದು ಅಳತೆಗೋಲು ಮಾಡಿದೆ. ಅಂಕಿ 3 ಮುಟ್ಟಿದರೆ ಮೈ ಮುಚ್ಚಿಕೊಳ್ಳಬೇಕು; 8 ಮುಟ್ಟಿದರೆ ನಡುಹಗಲು ಹೊರಗೆ ನಿಲ್ಲಬಾರದು; 11ರಿಂದ ಮೇಲಕ್ಕೆ ‘ವಿಪರೀತ’ ಎಂಬ ಒಂದೇ ಮನೆ. ಬೇಸಿಗೆಯಲ್ಲಿ ಮೋಡವಿಲ್ಲದ ನಮ್ಮ ನಡುಹಗಲು ಆ ಕೊನೆಯ ಮನೆಯದು. ಯಂತ್ರವಿಲ್ಲದವರಿಗೂ ಅಳತೆಗೋಲು ಉಂಟು: ನಿಂತು ನಿಮ್ಮ ನೆರಳು ನೋಡಿಕೊಳ್ಳಿ. ಅದು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆಯೆಂದು ತಿಳಿಯಿರಿ.

ಕಣ್ಣಿನ ಮಾತಿಗೆ ಬರೋಣ. ಚರ್ಮಕ್ಕಾದರೆ ಹಳೆಯದು ಉದುರಿ ಹೊಸದು ಬರುವ ಸೌಲಭ್ಯವುಂಟು. ಕಣ್ಣಿನೊಳಗಿನ ಮಸೂರಕ್ಕೆ ಅದಿಲ್ಲ. ಹುಟ್ಟಿದಾಗ ಅದರಲ್ಲಿದ್ದ ದ್ರವ್ಯವೇ ಸಾಯುವ ತನಕ ಇರಬೇಕು. ಕಣ್ಣಿನ ಮುಂಭಾಗದ ಗಾಜಿನಂಥ ಪಟಲ ಒಂದಷ್ಟು ಕಿರಣವನ್ನು ತಡೆಯುತ್ತದೆ. ಅದನ್ನು ದಾಟಿ ಬಂದುದನ್ನು ಮಸೂರ ತಾನೇ ಮೈಯೊಡ್ಡಿ ಹಿಡಿದುಕೊಂಡು ಹಿಂದಿನ ಅಕ್ಷಿಪಟವನ್ನು ಕಾಯುತ್ತದೆ. ಹೀಗೆ ವರ್ಷಗಟ್ಟಲೆ ಕಾದು ಕಾದು ಅದರ ತಿಳಿ ಹೋಗುತ್ತದೆ, ಅಂಚಿನಿಂದ ಒಳಕ್ಕೆ ಬಿಳಿ ಗೆರೆಗಳು ಹಬ್ಬುತ್ತವೆ. ಅದೇ ಪೊರೆ. ಪೊರೆಗೆ ವಯಸ್ಸು, ಸಕ್ಕರೆ ರೋಗ, ಬೀಡಿ ಸಿಗರೇಟು ಇವೂ ಕಾರಣಗಳೇ. ಎಲ್ಲ ಪಾಪವನ್ನೂ ಸೂರ್ಯನ ತಲೆಗೆ ಕಟ್ಟಲಾಗದು. ಆದರೆ ಸೂರ್ಯನ ಪಾಲು ಎಷ್ಟೆಂಬುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಮೇರಿಲ್ಯಾಂಡಿನ ಚೆಸಪೀಕ್ ಕೊಲ್ಲಿಯಲ್ಲಿ ಮೀನು, ಏಡಿ ಹಿಡಿದು ಬದುಕುವ 838 ಮಂದಿ ದೋಣಿಗಾರರನ್ನು ಹ್ಯೂ ಟೇಲರ್ ಎಂಬ ಕಣ್ಣಿನ ವೈದ್ಯರೂ ಅವರ ಸಂಗಡಿಗರೂ ಪರೀಕ್ಷಿಸಿದರು. ಒಬ್ಬೊಬ್ಬನೂ ಜೀವಮಾನದಲ್ಲಿ ಎಷ್ಟು ಬಿಸಿಲು ಉಂಡಿದ್ದಾನೆ, ಟೋಪಿ ಹಾಕುತ್ತಿದ್ದನೇ, ಕನ್ನಡಕ ಹಾಕುತ್ತಿದ್ದನೇ ಎಂದು ಲೆಕ್ಕ ಕಟ್ಟಿದರು. 1988ರಲ್ಲಿ ಪ್ರಕಟವಾದ ಫಲಿತಾಂಶ ಇದು: ‘ಬಿ’ ಕಿರಣದ ಉಣಿಸು ಎರಡರಷ್ಟಾದರೆ ಅಂಚಿನ ಪೊರೆಯ ಅಪಾಯ 1.6 ಪಟ್ಟು. ಅದೂ ನಮಗಿಂತ ಎಷ್ಟೋ ಉತ್ತರದ, ಸೌಮ್ಯ ಸೂರ್ಯನ ನಾಡಿನಲ್ಲಿ.

ಪೊರೆಗಿಂತ ಮೊದಲೇ ಬರುವುದು ದುರ್ಮಾಂಸ. ಮೂಗಿನ ಕಡೆಯ ಮೂಲೆಯಿಂದ ರೆಕ್ಕೆಯ ಆಕಾರದಲ್ಲಿ ಕೆಂಪು ಮಾಂಸ ಕರಿಗುಡ್ಡೆಯ ಕಡೆಗೆ ತೆವಳುತ್ತದೆ. ಬಿಸಿಲು, ಧೂಳು, ಗಾಳಿ ಮೂರೂ ಕೂಡಿದಲ್ಲಿ ಇದು ಹೆಚ್ಚು. ಹಾಗಿದ್ದ ಮೇಲೆ ಹತ್ತಿಯ ಜಿನ್ನಿಂಗ್ ಗಿರಣಿಯ ಅಂಗಳ, ಭತ್ತದ ಕಣ, ಟಾರು ರಸ್ತೆಯ ಬದಿ ಇದಕ್ಕೆ ತವರುಮನೆ ಎಂಬುದನ್ನು ಬೇರೆ ಹೇಳಬೇಕೆ? ಕಣ್ಣು ಕೆಂಪಗಾಗಿ ಚುಚ್ಚುತ್ತಿದ್ದರೆ ಎಲೆಯ ರಸ, ಎದೆಹಾಲು, ಜೇನು ಎಂದು ಹಿಂಡಿಸಿಕೊಳ್ಳುವ ವಾಡಿಕೆ ಇನ್ನೂ ಇದೆ. ದಯವಿಟ್ಟು ಬೇಡ. ದುರ್ಮಾಂಸದಿಂದ ಹೋಗದ ಕಣ್ಣು ಆ ರಸದ ಹುಣ್ಣಿನಿಂದ ಹೋದೀತು. ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗರಿಗೆ ರಾತ್ರಿ ಕಣ್ಣಿನಲ್ಲಿ ಮರಳು ತುಂಬಿದಂತೆ ಉರಿಯುವುದೂ ಇದೇ ಕಿರಣದ ಕೆಲಸ. ಅಲ್ಲಿ ಒಂದು ನಿಮಿಷದಲ್ಲಿ ಆಗುವುದು ಇಲ್ಲಿ ಇಪ್ಪತ್ತು ವರ್ಷ ಸಾವಕಾಶವಾಗಿ ಆಗುತ್ತದೆ. ಇನ್ನು ಮಕ್ಕಳ ಮಸೂರ ಬಲು ತಿಳಿ. ಕಿರಣವು ಅದನ್ನು ದಾಟಿ ಒಳಗಿನ ತನಕ ಹೋಗುತ್ತದೆ. ಬೇಸಿಗೆ ರಜೆಯಲ್ಲಿ ಕಣಕ್ಕೂ ಕೈಗಾಡಿಗೂ ಮಕ್ಕಳನ್ನು ಜೊತೆಗೆ ಒಯ್ಯುವ ತಾಯಂದಿರು ಇದನ್ನು ನೆನಪಿಡಬೇಕು.

ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರ ಹೆಸರು ಕೇಳದ ಹಿರಿಯರು ನಮ್ಮಲ್ಲಿಲ್ಲ. ಶಾಲೆಯ ಕೋಣೆಯಲ್ಲಿ, ಛತ್ರದಲ್ಲಿ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಶಿಬಿರ ಹೂಡಿ ಲಕ್ಷಗಟ್ಟಲೆ ಬಡವರ ಪೊರೆ ತೆಗೆದರು, 2005ರಲ್ಲಿ ತೀರಿಕೊಂಡರು. ಅವರ ಶಿಬಿರದ ಸಾಲಿನಲ್ಲಿ ಕುಳಿತವರು ಯಾರು ಎಂದು ಕೇಳಿಕೊಂಡರೆ ನಮ್ಮ ವಾದ ಅರ್ಧ ಮುಗಿಯಿತು. ಹೊಲದವರು, ಕಣದವರು, ಕಲ್ಲು ಒಡೆಯುವವರು. ಈಗಲೂ ಸರಕಾರಿ ಆಸ್ಪತ್ರೆಯಲ್ಲಿ ಪೊರೆ ತೆಗೆಯುತ್ತಾರೆ, ಒಳಗೆ ಕೃತಕ ಮಸೂರ ಇಡುತ್ತಾರೆ, ಒಳ್ಳೆಯದೇ. ಆದರೆ ಕಣ್ಣು ಮಬ್ಬಾಗಿ ಚೀಲದ ಲೆಕ್ಕ ತಪ್ಪುವ, ಏಣಿಯ ಮೆಟ್ಟಿಲು ತಪ್ಪುವ, ಮುಕ್ಕಾದಮನಿಂದ ಬೈಸಿಕೊಳ್ಳುವ ವರ್ಷಗಳಿಗೆ ಪರಿಹಾರ ಕೊಡುವ ಆಸ್ಪತ್ರೆ ಎಲ್ಲಿದೆ?

ಚರ್ಮದ ವಿಷಯ ಇಷ್ಟು ಕೆಟ್ಟದಾಗಿಲ್ಲ. ನಮ್ಮ ಕಪ್ಪು ಬಣ್ಣವೇ ನಮಗೆ ದೇವರು ಹೊದಿಸಿದ ಕಂಬಳಿ. ಬಿಳಿಯರಿಗೆ ಬರುವಷ್ಟು ಚರ್ಮದ ಕ್ಯಾನ್ಸರ್ ನಮಗೆ ಬಾರದಿರಲು ಅದೇ ಕಾರಣ. ಆದರೂ ಸುಟ್ಟ ಗಾಯ, ಕೆನ್ನೆಯ ಮೇಲೆ ಬಂಗು, ಬೆವರುಸಾಲೆ ಇವು ತಪ್ಪಿದ್ದಲ್ಲ. ತೊನ್ನಿನ ಮಚ್ಚೆಯಿರುವವರಿಗಂತೂ ಆ ಜಾಗದಲ್ಲಿ ಕಂಬಳಿಯೇ ಇಲ್ಲ, ಅವರು ಬಟ್ಟೆ ಮುಚ್ಚಲೇಬೇಕು. ಇಲ್ಲಿ ನಮಗೆ ಸಿಟ್ಟು ಬರುವುದು ಬೇರೊಂದು ಕಾರಣಕ್ಕೆ. ಬಿಸಿಲಿನ ಮಾತೆತ್ತಿದರೆ ಪೇಟೆಯು ‘ಕಪ್ಪಾಗಬೇಡಿ’ ಎನ್ನುತ್ತದೆ, ‘ಕುರುಡಾಗಬೇಡಿ’ ಎನ್ನುವುದಿಲ್ಲ. 1975ರಿಂದ ‘ಫೇರ್ ಅಂಡ್ ಲವ್ಲಿ’ ಎಂದು ಮಾರಿದ ಕ್ರೀಮಿಗೆ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಎಂದು ನಾಮಕರಣವಾಯಿತು. ಬೋರ್ಡು ಬದಲಾಯಿತು, ಅಂಗಡಿ ಅದೇ. ಬಿಸಿಲು ತಡೆಯುವ ಮುಲಾಮು ಸುಳ್ಳಲ್ಲ. ಡಬ್ಬಿಯ ಮೇಲಿನ ಅಂಕಿ 15 ಇದ್ದರೆ ‘ಬಿ’ ಕಿರಣದಲ್ಲಿ ನೂರಕ್ಕೆ 93 ಪಾಲು ತಡೆಯುತ್ತದೆ, 30 ಇದ್ದರೆ 97, 50 ಇದ್ದರೆ 98. ಮೂವತ್ತಕ್ಕೂ ಐವತ್ತಕ್ಕೂ ಒಂದೇ ಪಾಲಿನ ಅಂತರ. ಬೆಲೆಯ ಅಂತರವನ್ನು ವ್ಯಾಪಾರಿ ಬಂಧುಗಳೇ ಹೇಳಲಿ. ಎರಡು ಗಂಟೆಗೊಮ್ಮೆ ದಪ್ಪಗೆ ಬಳಿಯದಿದ್ದರೆ ಅದೂ ಇಲ್ಲ. ಬೆವರಿನಲ್ಲಿ ತೊಯ್ದು ಚೀಲ ಹೊರುವವನಿಗೆ ಅದು ಬೆಣ್ಣೆಯಿಂದ ಮನೆ ಸಾರಿಸಿದ ಹಾಗೆ.

ಅವನಿಗೆ ಬಟ್ಟೆಯೇ ಮುಲಾಮು. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು ಕಣಕ್ಕಿಳಿಯುವ ನಮ್ಮ ಹೆಂಗಸರು ಯಾವ ವಿಜ್ಞಾನಿಗೂ ಕಡಮೆಯಿಲ್ಲ. ಒತ್ತಾದ ನೇಯ್ಗೆ, ಗಾಢ ಬಣ್ಣ ಇದ್ದಷ್ಟೂ ಕಿರಣ ತಡೆಯುತ್ತದೆ. ಸವೆದು ಜಾಳಾದ ಬಿಳಿ ಅಂಗಿ ಬೆವರಿನಲ್ಲಿ ಒದ್ದೆಯಾದರೆ ಜರಡಿಯಾಗುತ್ತದೆ. ತಲೆಗೆ ರುಮಾಲು ಒಳ್ಳೆಯದು, ಆದರೆ ರುಮಾಲಿಗೆ ಸೂರುಗಟ್ಟಿಲ್ಲ, ಕಣ್ಣಿಗೆ ನೆರಳಿಲ್ಲ. ಹುಬ್ಬಿನ ಮುಂದಕ್ಕೆ ಮೂರು ಅಂಗುಲ ಚಾಚಿದ ಅಂಚಿನ ಟೋಪಿ ಕಣ್ಣಿಗೆ ಬೀಳುವ ಕಿರಣವನ್ನು ಅರ್ಧಕ್ಕೆ ಇಳಿಸಬಲ್ಲದು. ಈಚಲು ಗರಿಯದಾದರೂ ಸರಿ. ಮಿಕ್ಕ ಅರ್ಧ ಆಕಾಶದ ಎಲ್ಲ ಕಡೆಯಿಂದಲೂ, ನೆಲದಿಂದಲೂ ಚದುರಿ ಬರುತ್ತದೆ. ಅದಕ್ಕೆ ಕನ್ನಡಕ ಬೇಕು.

ಕನ್ನಡಕದಲ್ಲಿ ಒಂದು ಮೋಸವಿದೆ, ಗಮನವಿಟ್ಟು ಓದಿ. ಕಿರಣ ತಡೆಯುವುದು ಗಾಜಿನ ಕಪ್ಪು ಬಣ್ಣವಲ್ಲ, ಅದರಲ್ಲಿ ಬೆರೆಸಿದ ಅಥವಾ ಬಳಿದ ಬೇರೆ ದ್ರವ್ಯ. ಬಸ್‌ಸ್ಟ್ಯಾಂಡಿನ ಎದುರು ಹಲಗೆಗೆ ಸಿಕ್ಕಿಸಿ ಮಾರುವ ಬರಿಯ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಅದು ಇಲ್ಲದೆಯೂ ಇರಬಹುದು. ಆಗ ಏನಾಗುತ್ತದೆ? ಕತ್ತಲೆಯೆಂದು ನಂಬಿ ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಳ್ಳುತ್ತದೆ, ಕಾಣದ ಕಿರಣ ಆ ಅಗಲವಾದ ಬಾಗಿಲಿನಿಂದ ನುಗ್ಗುತ್ತದೆ. ಬರಿಗಣ್ಣಾಗಿದ್ದರೆ ಕಿರಿದುಗೊಳಿಸಿಯಾದರೂ ಬದುಕುತ್ತಿತ್ತು. ಯುವಿ 400 ಎಂಬ ಗುರುತು ನೋಡಿ ಕೊಳ್ಳಬೇಕು. ಗುರುತೂ ಖೋಟಾ ಇರಬಹುದಾದ್ದರಿಂದ ಕನ್ನಡಕದ ಅಂಗಡಿಯಲ್ಲಿ ಯಂತ್ರದಿಂದ ಅಳೆದು ತೋರಿಸಿ ಎಂದು ಕೇಳಬೇಕು. ಬಣ್ಣವಿಲ್ಲದ ಪಾಲಿಕಾರ್ಬೊನೇಟ್ ಕನ್ನಡಕವೂ ಈ ಕಿರಣವನ್ನು ತಡೆಯುತ್ತದೆ, ಧೂಳನ್ನೂ ತಡೆಯುತ್ತದೆ. ಕನ್ನಡಕ ಮಾರುವ ವ್ಯಾಪಾರಿಗಳಲ್ಲಿ ನಮ್ಮ ಓದುಗರಿದ್ದಾರೆ. ಗಿರಾಕಿಗೆ ಈ ಎರಡು ಮಾತು ಹೇಳಿ ಮಾರಿದರೆ ಅವರ ವ್ಯಾಪಾರಕ್ಕೂ ನಷ್ಟವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಟೋಪಿ ಕನ್ನಡಕಗಳ ಉಪದೇಶಕ್ಕೆ ನಿಲ್ಲಿಸಿದರೆ ನಾವು ಸರಕಾರಿ ಭಿತ್ತಿಪತ್ರ ಬರೆದಂತಾಯಿತು. ‘ನಡುಹಗಲು ಬಿಸಿಲಿಗೆ ಬರಬೇಡಿ, ನೆರಳಿನಲ್ಲಿರಿ, ನೀರು ಕುಡಿಯಿರಿ’ ಎಂದು ಅದರಲ್ಲಿ ಬರೆದಿರುತ್ತದೆ. ಚೀಲಕ್ಕಿಷ್ಟು ಎಂದು ಮಜೂರಿ ಪಡೆಯುವವನು ನಾಲ್ಕು ಗಂಟೆ ನೆರಳಿನಲ್ಲಿ ಕುಳಿತರೆ ಸಂಜೆ ಅವನ ಮನೆಯ ಒಲೆಗೆ ಏನು ಹಾಕಬೇಕು? ಹಮಾಲನನ್ನು ಬಿಸಿಲಿಗೆ ದೂಡುವುದು ಅವನ ಅಜ್ಞಾನವಲ್ಲ, ಚೀಲದ ದರ. ದಿನಗೂಲಿಯ ಹೆಣ್ಣಾಳಿಗೆ ಕಣದ ಹೊತ್ತು ಗೊತ್ತುಮಾಡುವವನು ಮಾಲಿಕ. ಕೈಗಾಡಿಯವನು ನೆರಳು ಸಿಕ್ಕಲ್ಲಿ ನಿಂತರೆ ಪೊಲೀಸರು ಎಬ್ಬಿಸುತ್ತಾರೆ; ಅವರು ಎಬ್ಬಿಸದ ಜಾಗದಲ್ಲಿ ನೆರಳಿರುವುದಿಲ್ಲ.

ಗಿರಣಿಯ ಮಾಲಿಕರಿಗೆ ಒಂದು ಉತ್ತರವಿದೆ, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ‘ಭತ್ತ ಒಣಗುವುದೇ ನಡುಹಗಲಿನಲ್ಲಿ, ಬೆಳದಿಂಗಳಲ್ಲಿ ಒಣಗಿಸಲೇ?’ ಎನ್ನುತ್ತಾರೆ. ನಿಜ. ಭತ್ತ ಬಿಸಿಲಿನಲ್ಲಿರಲಿ, ಭತ್ತದ ಜೊತೆಗೆ ಮನುಷ್ಯರೂ ಎಡೆಬಿಡದೆ ಒಣಗಬೇಕೆಂದು ಎಲ್ಲಿದೆ? ತಿರುವಿ ಹಾಕುವುದು ಆಗಾಗಿನ ಕೆಲಸ. ಆಳುಗಳನ್ನು ಎರಡು ತಂಡ ಮಾಡಿ, ಸರದಿಯ ಮೇಲೆ ಕಣಕ್ಕೆ ಇಳಿಸಿ, ಉಳಿದ ಹೊತ್ತು ನೆರಳಿನಲ್ಲಿ ಚೀಲ ಹೊಲಿಯುವ, ಕಲ್ಲು ಆರಿಸುವ ಕೆಲಸ ಕೊಡಬಹುದು. ಯಂತ್ರದಲ್ಲಿ ಒಣಗಿಸುವ ಗಿರಣಿಗಳೂ ಇವೆ. ಕಣದ ಬದಿಗೆ ಒಂದು ತಗಡಿನ ಚಪ್ಪರ, ಒಂದು ಹಂಡೆ ನೀರು, ಆಳಿಗೊಂದು ಟೋಪಿ ಮತ್ತು ಕನ್ನಡಕ. ಒಂದು ಲೋಡು ಅಕ್ಕಿಯ ಬೆಲೆಯ ಮುಂದೆ ಇವುಗಳ ಖರ್ಚು ಎಷ್ಟಾದೀತೆಂದು ಅವರೇ ಲೆಕ್ಕ ಹಾಕಲಿ. ಗಂಜಿನ ಅಡತಿ ಅಂಗಡಿಯವರಿಗೂ ಇದೇ ಮಾತು. ಸಣ್ಣ ವ್ಯಾಪಾರಿ ನಮ್ಮವನೆಂದ ಮಾತ್ರಕ್ಕೆ ಅವನ ಅಂಗಡಿಯ ಮುಂದೆ ಹಮಾಲ ಬೇಯುವುದನ್ನು ನಾವು ಕಾಣದ ಹಾಗೆ ಇರಲಾರೆವು.

ನಡುಹಗಲ ವಿರಾಮ ಆಗದ ಮಾತೆನ್ನುವವರು ಕೊಲ್ಲಿಯ ನಾಡುಗಳನ್ನು ನೋಡಲಿ. ಆ ದೊರೆಗಳು ಕಾರ್ಮಿಕರ ಬಂಧುಗಳೆಂಬ ಭ್ರಮೆ ನಮಗಿಲ್ಲ. ಆದರೂ ಅಮೀರರ ಒಕ್ಕೂಟದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12-30ರಿಂದ 3ರ ವರೆಗೆ ತೆರೆದ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ. ಕತಾರ್ ದೇಶವು 2021ರಲ್ಲಿ ಆ ಹೊತ್ತನ್ನು ಬೆಳಿಗ್ಗೆ 10ರಿಂದ 3-30ರ ವರೆಗೆ ವಿಸ್ತರಿಸಿತು. ಕರ್ನಾಟಕದ ಎಷ್ಟೋ ಹುಡುಗರು ಅಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಪರರ ಮರಳುಗಾಡಿನಲ್ಲಿ ಅವರಿಗೆ ಕಾನೂನಿನ ಬಲದಿಂದ ದೊರೆಯುವ ನೆರಳು, ಊರಿಗೆ ಮರಳಿದರೆ ದೊರೆಯದು.

ನಮ್ಮ ಕಾನೂನಿಗೆ ಕಣ್ಣಿನ ಅರಿವು ಇರಲಿಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯಿದೆಯ 35ನೆಯ ಕಲಮಿನಲ್ಲಿ ಕಣ್ಣಿನ ರಕ್ಷಣೆಯ ಮಾತಿತ್ತು. ಹಾರುವ ಚೂರುಗಳಿಂದಲೇ ಅಲ್ಲ, ‘ಅತಿಯಾದ ಬೆಳಕಿನಿಂದ’ ಕಣ್ಣಿಗೆ ಅಪಾಯವಿದ್ದರೂ ಕನ್ನಡಕವನ್ನೋ ಮರೆಯನ್ನೋ ಒದಗಿಸಬೇಕೆಂದು ನಿಯಮ ಮಾಡಲು ರಾಜ್ಯ ಸರಕಾರಕ್ಕೆ ಅಧಿಕಾರವಿತ್ತು. ನಿಯಮ ಬರೆದವರು ವೆಲ್ಡಿಂಗಿನ ಕಿಡಿಯನ್ನು, ಕುಲುಮೆಯ ಬಾಯನ್ನು ಅತಿಯಾದ ಬೆಳಕೆಂದು ಎಣಿಸಿದರು. ಕಾರ್ಮಿಕರ ಪರಿಹಾರದ ಪಟ್ಟಿಯಲ್ಲಿಯೂ ಕುಲುಮೆಯ ಶಾಖದ ಕಿರಣದಿಂದ ಬರುವ ಪೊರೆಗೆ ವೃತ್ತಿರೋಗವೆಂಬ ಜಾಗ ಸಿಕ್ಕಿತು. ಎಲ್ಲಕ್ಕೂ ದೊಡ್ಡ ಕುಲುಮೆ ನೆತ್ತಿಯ ಮೇಲೆ ಉರಿಯುತ್ತಿದ್ದುದು ಮಾತ್ರ ಅವರ ಲೆಕ್ಕಕ್ಕೆ ಬರಲಿಲ್ಲ. ಈಗ ಆ ಹಳೆಯ ಕಾಯಿದೆಗಳನ್ನೆಲ್ಲ 2020ರ ಸಂಹಿತೆಗಳೊಳಗೆ ಸೇರಿಸಿದ್ದಾರೆ. ಸಂಹಿತೆಗಳ ಬಗ್ಗೆ ನಮಗಿರುವ ತಕರಾರುಗಳನ್ನು ಬೇರೆ ಸಂಚಿಕೆಗೆ ಇಟ್ಟುಕೊಳ್ಳುತ್ತೇವೆ. ಬಿಸಿಲಿನಿಂದ ಬರುವ ಪೊರೆಯನ್ನೂ ದುರ್ಮಾಂಸವನ್ನೂ ಹೆಸರಿಟ್ಟು ವೃತ್ತಿರೋಗದ ಸಾಲಿಗೆ ತರಬೇಕೆಂಬುದು ಸದ್ಯದ ಕೇಳಿಕೆ. ಇದು ಎರಡು ಮೂರು ಆಳುಗಳ ಅಹವಾಲಲ್ಲ. 2019ರಲ್ಲಿ ಲೋಕದಾದ್ಯಂತ 160 ಕೋಟಿ ಜನ, ಎಂದರೆ ದುಡಿಯುವ ವಯಸ್ಸಿನವರಲ್ಲಿ ನೂರಕ್ಕೆ 28 ಮಂದಿ, ಹೊರಗೆ ದುಡಿಯುತ್ತ ಈ ಕಿರಣಕ್ಕೆ ಮೈಯೊಡ್ಡಿದರೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ ಲೆಕ್ಕ ಹಾಕಿವೆ.

ಬೀದಿ ವ್ಯಾಪಾರಿಗಳ ಕೈಯಲ್ಲಿ 2014ರ ಕಾಯಿದೆಯಿದೆ. ಅದರಂತೆ ಪ್ರತಿ ಪಟ್ಟಣದ ಮಾರಾಟ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಷ್ಟು ಸ್ಥಾನ ವ್ಯಾಪಾರಿಗಳು ಚುನಾಯಿಸಿದವರಿಗೆ ಸೇರಬೇಕು, ಆ ಸ್ಥಾನಗಳಲ್ಲಿ ಮೂರನೆಯ ಒಂದು ಹೆಂಗಸರಿಗೆ. ಜಾಗ ಗೊತ್ತುಮಾಡುವಾಗ ‘ನೆರಳು ಎಲ್ಲಿ?’ ಎಂದು ಆ ಸದಸ್ಯರು ಕೇಳಬೇಕು. ಬಯಲಿನಲ್ಲಿ ಬಿಳಿ ಗೆರೆ ಎಳೆದು ‘ಇದು ನಿನ್ನ ಜಾಗ’ ಎಂದರೆ ಒಪ್ಪಬಾರದು. ಬೇವಿನ ಮರ ಬೆಳೆಯಲು ವರ್ಷಗಳು ಬೇಕು, ಚಪ್ಪರ ಹಾಕಲು ಎರಡು ದಿನ ಸಾಕು, ಎರಡೂ ಆಗಲಿ.

ಗಂಜಿನ ಮಟ್ಟಿಗೆ ನಮ್ಮ ಸೂಚನೆ ಇದು. ಮಾರ್ಚ್ ನಡುವಿನಿಂದ ಜೂನ್ ನಡುವಿನ ತನಕ ತೂಕ, ಇಳಿವು, ಏರಿಕೆ ಬೆಳಗಿನ 6ಕ್ಕೆ ಆರಂಭವಾಗಿ 11ಕ್ಕೆ ನಿಲ್ಲಲಿ. ಸಂಜೆ 4ಕ್ಕೆ ಮತ್ತೆ ಹಿಡಿಯಲಿ. ಆ ತಿಂಗಳುಗಳ ಮಧ್ಯಾಹ್ನ ಗಿರಾಕಿ ಬರುವುದೂ ಅಷ್ಟರಲ್ಲೇ ಇದೆಯೆಂದು ಅಂಗಡಿಯವರಿಗೆ ಗೊತ್ತು. ಹೊತ್ತು ಕಡಮೆಯಾದಷ್ಟು ಚೀಲದ ದರ ಏರಲಿ. ದರ ಏರದ ವಿರಾಮವನ್ನು ಹಮಾಲರು ಒಪ್ಪುವುದಿಲ್ಲ, ಒಪ್ಪಲೂ ಬಾರದು. ವರ್ಷಕ್ಕೊಮ್ಮೆ ಮಾರುಕಟ್ಟೆ ಸಮಿತಿಯ ಖರ್ಚಿನಲ್ಲಿ ಎಲ್ಲರ ಕಣ್ಣಿನ ಪರೀಕ್ಷೆಯಾಗಲಿ. ಕಚೇರಿ ವೇಳೆಯ ಕಡತವು ಬೇಸಿಗೆಗೆ ಮುಂಚೆ ಬೆಂಗಳೂರಿನಲ್ಲಿ ಮೇಜಿನಿಂದ ಮೇಜಿಗೆ ಚಲಿಸುತ್ತದೆ. ಈ ಸಲ ಅದು ಚಲಿಸುವ ಮೊದಲೇ ಹಮಾಲರ, ಗಿರಣಿ ಆಳುಗಳ, ಕೈಗಾಡಿಯವರ ಮನವಿ ಜಿಲ್ಲಾಧಿಕಾರಿಗಳ ಕೈಸೇರಬೇಕು. ಜನವರಿಯಲ್ಲಿಯೇ ಬರೆಯಲು ಕುಳಿತರೆ ಹೊತ್ತು ಸಾಕಾಗುತ್ತದೆ. ಸಹಿ ಬಾರದವರ ಹೆಬ್ಬೆಟ್ಟೂ ನಡೆಯುತ್ತದೆ.